ಪಾಸ್ ತಪ್ಪಲು ಬಿಟ್ಟೆ, ಪಂದ್ಯ ನಿಜವಾಯಿತು: ಫಿಫಾ 23 ಸ್ಲೈಡರ್‌ಗಳ ಜೊತೆ ನನ್ನ ಅನುಭವ

ಫಿಫಾ 23 ಎಂಬ ಫುಟ್‌ಬಾಲ್ ವಿಡಿಯೋ ಆಟದಲ್ಲಿ ಎರಡೂ ತಂಡಗಳನ್ನು ಕಂಪ್ಯೂಟರಿಗೇ ಬಿಟ್ಟು ನಿಜವಾದ ಪ್ರೀಮಿಯರ್ ಲೀಗ್ ಪಂದ್ಯದಂತೆ ಕೂತು ನೋಡಬೇಕಾದರೆ ಮಾಡ್ (ಆಟವನ್ನು ಬದಲಿಸುವ ಹೊರಗಿನ ಫೈಲು) ಹಾಕಲೇಬೇಕು, ಸ್ಲೈಡರ್‌ಗಳಿಂದ, ಅಂದರೆ ವೇಗ, ತಪ್ಪು ಮುಂತಾದವನ್ನು ಸಂಖ್ಯೆಯಲ್ಲಿ ಏರಿಸಿ ಇಳಿಸುವ ಆಟದೊಳಗಿನ ಸೆಟ್ಟಿಂಗ್‌ಗಳಿಂದ, ಆಗುವ ಕೆಲಸವಲ್ಲ ಎಂದು ನನ್ನ ಬಳಗದವರು ಒಂದೇ ಸಮನೆ ಹೇಳುತ್ತಿದ್ದರು. ಮಾಡ್ ಇಲ್ಲದೆಯೇ ಆಯಿತು. ಕಳೆದ ಮಳೆಗಾಲದಿಂದ ಅದೇ ಸೆಟ್ಟಿಂಗ್ ಓಡುತ್ತಿದೆ. ಅಂದು ಜೋರಾಗಿ ವಾದಿಸಿದವರೇ ಈಗ ನನ್ನ ಸಂಖ್ಯೆಗಳನ್ನು ಕೇಳಿ ಹಾಕಿಕೊಂಡಿದ್ದಾರೆ.

ಕಿಕ್ ಆಫ್ ಎಂಬ ಬಿಡಿ ಪಂದ್ಯದ ವಿಭಾಗದಲ್ಲಿ ಕಂಟ್ರೋಲರನ್ನು ಯಾವ ತಂಡಕ್ಕೂ ಕೊಡದೆ ನಡುವೆ ಬಿಟ್ಟರೆ ಎರಡೂ ತಂಡಗಳನ್ನು ಕಂಪ್ಯೂಟರೇ ಆಡಿಸುತ್ತದೆ. ಒಂದು ಮಾತು ಮಾತ್ರ: ಯೂಸರ್ (ಆಡುವವರ ತಂಡ) ಮತ್ತು ಸಿಪಿಯು (ಕಂಪ್ಯೂಟರ್ ತಂಡ), ಎರಡೂ ಸ್ಲೈಡರ್ ಪಟ್ಟಿಗಳಲ್ಲಿ ಒಂದೇ ಸಂಖ್ಯೆಗಳನ್ನು ತುಂಬಿ. ಯಾವ ತಂಡಕ್ಕೆ ಯಾವ ಪಟ್ಟಿ ಎಂಬ ಜಗಳ ಅಲ್ಲಿಗೇ ಮುಗಿಯುತ್ತದೆ.

ನನ್ನ ಅಳತೆಗೋಲು 2022-23ರ ಪ್ರೀಮಿಯರ್ ಲೀಗ್. ಆ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 2.85ರಷ್ಟು ಗೋಲು ಬಂದವು, ಮ್ಯಾಂಚೆಸ್ಟರ್ ಸಿಟಿಯ ಆಟಗಾರ ಎರ್ಲಿಂಗ್ ಹಾಲೆಂಡ್ ಒಬ್ಬನೇ 36 ಗೋಲು ಹೊಡೆದ. ತಂಡಕ್ಕೆ ಹನ್ನೆರಡು ಹದಿಮೂರು ಶಾಟ್, ಹತ್ತರ ಆಸುಪಾಸು ಫೌಲ್, ಶೇಕಡ 80ರ ಹತ್ತಿರ ಪಾಸ್ ನಿಖರತೆ. ಇನ್ನು ಆಟದಲ್ಲಿ ಸ್ಲೈಡರ್‌ಗಳನ್ನೆಲ್ಲ ಮೊದಲಿದ್ದಂತೆ 50ರಲ್ಲೇ ಇಟ್ಟು ನೋಡಿ. ಕೊನೆಯ ಸ್ಥಾನದ ತಂಡವೂ ಶೇಕಡ 90ರಷ್ಟು ಪಾಸ್ ಮುಟ್ಟಿಸುತ್ತದೆ, ಫೌಲ್ ಎಂಬುದೇ ಇಲ್ಲ, ಪೆನಾಲ್ಟಿ ಬಾಕ್ಸಿನ ಮುಂದೆ ಚೆಂಡು ಅತ್ತಿತ್ತ ಸುತ್ತುತ್ತಲೇ ಇರುತ್ತದೆ. ಕೊನೆಗೆ 4-3.

ಮೊದಲು ಕಷ್ಟದ ಮಟ್ಟ ಏರಿಸಿದೆ. ಅತಿ ಕಠಿಣ ಮಟ್ಟವಾದ ಅಲ್ಟಿಮೇಟ್‌ನಲ್ಲಿ ಕಂಪ್ಯೂಟರ್ ಜಾಣತನದಿಂದ ಆಡುತ್ತದೆ ಎಂದು ಎಲ್ಲರೂ ನಂಬುತ್ತಾರೆ. ನಾನು ಕಂಡದ್ದು ಇನ್ನಷ್ಟು ಚುರುಕಾದ, ಇನ್ನಷ್ಟು ತಪ್ಪಿಲ್ಲದ ಪಾಸುಗಳನ್ನು ಮಾತ್ರ. ಅದರ ಕೆಳಗಿನ ಲೆಜೆಂಡರಿಯಲ್ಲೂ ಅದೇ ಕಥೆ, ತುಸು ಕಡಿಮೆ. ಕೊನೆಗೆ ನೆಲೆ ನಿಂತದ್ದು ಇನ್ನೂ ಒಂದು ಮೆಟ್ಟಿಲು ಕೆಳಗಿನ ವರ್ಲ್ಡ್ ಕ್ಲಾಸ್‌ನಲ್ಲಿ. ಗೋಲು ಇಳಿಸಲು ಶಾಟ್ ಎರರನ್ನು (ಹೊಡೆತ ಗುರಿ ತಪ್ಪುವ ಪ್ರಮಾಣ) 75ರವರೆಗೆ ಒಯ್ದೆ. ಗೋಲೇನೋ ಇಳಿದವು, ಆದರೆ ಆರು ಗಜದಿಂದ ಹಾಲೆಂಡ್ ಹೊಡೆದ ಚೆಂಡು ಗ್ಯಾಲರಿ ಸೇರುತ್ತಿತ್ತು. ಅದನ್ನು ನೋಡಲಾಗಲಿಲ್ಲ. ಗೋಲ್‌ಕೀಪರ್ ಸಾಮರ್ಥ್ಯ ಹೆಚ್ಚಿಸಿದರೆ ದೂರದ ಹೊಡೆತಗಳೆಲ್ಲ ನಿಂತು, ಕೈಗೆ ತಾಗಿ ಮರಳಿದ ಚೆಂಡಿನಿಂದಲೇ ಗೋಲುಗಳು ಬರತೊಡಗಿದವು.

ಈ ನಡುವೆ ದುಡ್ಡೂ ಕರಗಿತು. ಆಟ ರಿಯಾಯಿತಿಯಲ್ಲಿ ಎಂಟುನೂರರ ಆಸುಪಾಸಿಗೆ ಸಿಕ್ಕಿತ್ತು. ಹಳೆಯ ಗ್ರಾಫಿಕ್ಸ್ ಕಾರ್ಡ್ ಗಂಟೆಗಟ್ಟಲೆ ಓಡಿ ಕೈಕೊಟ್ಟಾಗ ಇನ್ನೊಂದನ್ನು, ಅದೂ ಬಳಸಿದ್ದನ್ನೇ, ಒಂಬತ್ತು ಸಾವಿರದಷ್ಟು ಕೊಟ್ಟು ತಂದೆ. ಬೇಸಿಗೆಯಲ್ಲಿ ವಿದ್ಯುತ್ ಬಿಲ್ ತಿಂಗಳಿಗೆ ಮುನ್ನೂರು ನಾಲ್ಕುನೂರು ಹೆಚ್ಚಿತು. ನನಗೆ ಇವತ್ತಿಗೂ ಉರಿಯುವುದು ಬೇರೆಯದಕ್ಕೆ. ಸಿದ್ಧ ಸ್ಲೈಡರ್ ಪಟ್ಟಿಯೊಂದನ್ನು ಸುಮಾರು ಐನೂರು ರೂಪಾಯಿಗೆ ಕೊಂಡಿದ್ದೆ. ಅರ್ಧಕ್ಕೆ 20 ನಿಮಿಷ ಆಡಿಸಿ ಎಂದು ಅದರಲ್ಲಿ ಬರೆದಿತ್ತು. ಆಡಿಸಿದರೆ ಒಂದೊಂದು ಪಂದ್ಯದಲ್ಲಿ ಏಳೆಂಟು ಗೋಲು! ಈ ಕಂಪ್ಯೂಟರ್ ತಂಡಗಳು ನಿಜವಾದ 90 ನಿಮಿಷದ ಶಾಟ್‌ಗಳನ್ನು ಇಪ್ಪತ್ತೇ ನಿಮಿಷದಲ್ಲಿ ಹೊಡೆದು ಮುಗಿಸುತ್ತವೆ. ಆದ್ದರಿಂದ ಅರ್ಧಕ್ಕೆ 10 ನಿಮಿಷ, ಅದಕ್ಕಿಂತ ಹೆಚ್ಚು ಬೇಡ.

ಬಾಗಿಲು ತೆರೆದದ್ದು ಪಾಸ್ ಎರರ್, ಅಂದರೆ ಪಾಸ್ ತಪ್ಪುವ ಪ್ರಮಾಣದ ಸ್ಲೈಡರ್. ಅದು 50ರಲ್ಲಿದ್ದಾಗ, ಪಾಸ್ ಕೌಶಲಕ್ಕೆ ಆಟ 60 ಅಂಕ ಕೊಟ್ಟವನಿಗೂ 90 ಕೊಟ್ಟವನಿಗೂ ವ್ಯತ್ಯಾಸವೇ ಕಾಣುವುದಿಲ್ಲ, ಇಬ್ಬರದೂ ಗುರಿ ಮುಟ್ಟುತ್ತದೆ. 68ಕ್ಕೆ ಏರಿಸಿದ ಮೇಲೆ ಆಟದಲ್ಲಿ ಸಿಟಿಯ ಡಿ ಬ್ರೂಯ್ನ ಈಗಲೂ ದಾರಿ ಹುಡುಕುತ್ತಾನೆ, ಆದರೆ ಆ ವರ್ಷ ಬಡ್ತಿ ಪಡೆದು ಬಂದ ಬೋರ್ನ್‌ಮತ್‌ನ ರಕ್ಷಣಾ ಆಟಗಾರ ಒತ್ತಡ ಬಿದ್ದ ಕೂಡಲೇ ಚೆಂಡನ್ನು ಗೆರೆಯಾಚೆ ಒದೆಯುತ್ತಾನೆ. ಸಿಟಿಯ ಪಾಸ್ ನಿಖರತೆ ಶೇಕಡ 86-87ರಲ್ಲಿ ನಿಂತಿತು, ಬೋರ್ನ್‌ಮತ್‌ನದು ಎಪ್ಪತ್ತರ ಆಸುಪಾಸು. ತಪ್ಪಿನ ಅಂಶ ಹೆಚ್ಚಿಸಿದಾಗಲೇ ಆಟಗಾರರ ಅಂಕಗಳಿಗೆ ಬೆಲೆ ಬಂತು. ಫಸ್ಟ್ ಟಚ್ ಎರರ್ (ಬಂದ ಚೆಂಡನ್ನು ತಡೆಯುವಾಗಿನ ತಪ್ಪು) ಕೂಡ ಜೊತೆಯಲ್ಲೇ 60ರ ಮೇಲೆ ಹೋಗಬೇಕು, ಒಂದನ್ನು ಮಾತ್ರ ಏರಿಸಿದರೆ ಪ್ರಯೋಜನವಿಲ್ಲ. ಚೆಂಡು ಕಾಲಿನಿಂದ ತುಸು ದೂರ ಜಿಗಿದಾಗ ಇಬ್ಬರು ಅದಕ್ಕಾಗಿ ನುಗ್ಗುತ್ತಾರೆ, ಅಲ್ಲಿ ಫೌಲ್ ಹುಟ್ಟುತ್ತದೆ. ಫೌಲಿಗೆಂದೇ ಸ್ಲೈಡರ್ ಇಲ್ಲದ ಆಟದಲ್ಲಿ ತಂಡಕ್ಕೆ ಏಳೆಂಟು ಫೌಲ್ ತರಿಸಿದ್ದೇನೆ. ಇದನ್ನು ಸಾಧಿಸಿದ ಇನ್ನೊಬ್ಬರನ್ನು ನನ್ನ ಪರಿಚಯದಲ್ಲಿ ಕಂಡಿಲ್ಲ.

ಇನ್ನು ವೇಗ. ಆಟಗಾರರನ್ನು ಓಟದ ಬಗೆಯಂತೆ ವಿಂಗಡಿಸುವ, ಫಿಫಾ 23 ತಂದ ಆಕ್ಸಿಲರೇಟ್ ವ್ಯವಸ್ಥೆಯಲ್ಲಿ ‘ಲೆಂತಿ’ ಬಗೆಯ ಎತ್ತರದ ಆಟಗಾರರು ದೂರದ ಓಟದಲ್ಲಿ ಯಾರನ್ನೂ ಬಿಡುತ್ತಿರಲಿಲ್ಲ. ಲಿವರ್‌ಪೂಲ್‌ನ ರಕ್ಷಣಾ ಆಟಗಾರ ವ್ಯಾನ್ ಡೈಕ್ ಅಂಚಿನಲ್ಲಿ ಓಡುವ ವಿಂಗರ್‌ಗಳನ್ನೆಲ್ಲ ಹಿಂದಿನಿಂದ ಬಂದು ಹಿಡಿಯುತ್ತಿದ್ದ. ಸ್ಪ್ರಿಂಟ್ ಸ್ಪೀಡನ್ನು ಎರಡು ಮೂರು ಅಂಕ ಇಳಿಸಿ, ಆಕ್ಸಿಲರೇಶನ್ ಅದಕ್ಕಿಂತ ತುಸು ಕೆಳಗಿಟ್ಟರೆ ಸಾಕು. 40ಕ್ಕಿಂತ ಕೆಳಗೆ ಹೋದರೆ ಎಲ್ಲರೂ ಕೆಸರುಗದ್ದೆಯಲ್ಲಿ ಓಡಿದಂತೆ ಕಾಣುತ್ತಾರೆ. ಮಧ್ಯಮೈದಾನ ತೆರೆದುಕೊಳ್ಳಲು ಲೈನ್ ಲೆಂತ್ (ತಂಡ ಉದ್ದಕ್ಕೆ ಎಷ್ಟು ಹರಡಿಕೊಳ್ಳುತ್ತದೆ) ಮತ್ತು ರನ್ ಫ್ರೀಕ್ವೆನ್ಸಿಯನ್ನು (ಆಟಗಾರರು ಎಷ್ಟು ಸಲ ಮುಂದೆ ಓಡುತ್ತಾರೆ) ಜೋಡಿಯಾಗಿ ಕದಲಿಸಬೇಕು. ಅವೆರಡರ ಸಂಖ್ಯೆಗಳನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಒಂದು ಮೇಲೆ ಹೋದರೆ ಇನ್ನೊಂದು ಕೆಳಗೆ ಬರಬೇಕು ಎಂಬಷ್ಟು ಸುಳಿವು ಸಾಕು.

ಇಂಡಿಯನ್ ಸೂಪರ್ ಲೀಗ್ ಫಿಫಾ 22ರಿಂದಲೇ ಆಟದಲ್ಲಿದೆಯಲ್ಲ, ಇದೇ ಪಟ್ಟಿಯನ್ನು ಅಲ್ಲಿಗೂ ಹಾಕಿದೆ. 2023ರ ಮಾರ್ಚ್‌ನಲ್ಲಿ ಗೋವಾದ ಫೈನಲ್ 2-2ರಲ್ಲಿ ಮುಗಿದು ಬೆಂಗಳೂರು ಎಫ್‌ಸಿ ಪೆನಾಲ್ಟಿಯಲ್ಲಿ ಎಟಿಕೆ ಮೋಹನ್ ಬಾಗಾನ್‌ಗೆ ಸೋತದ್ದು ನನ್ನನ್ನು ಬಿಟ್ಟಿರಲಿಲ್ಲ, ಅದನ್ನೇ ಮತ್ತೆ ಆಡಿಸಿದೆ. ಆದರೆ ಅಂಕ ಕಡಿಮೆ ಇರುವ ಆಟಗಾರರಿಗೆ ಪಾಸ್ ಎರರ್ 68 ಭಾರವಾಯಿತು. ನಿಖರತೆ ಅರವತ್ತಕ್ಕಿಂತ ಕೆಳಗಿಳಿದು ಪಂದ್ಯವೆಲ್ಲ ಚೆಂಡನ್ನು ತಲೆಯಿಂದ ಹೊಡೆಯುವುದರಲ್ಲೇ ನಡೆಯಿತು, ಚೆಟ್ರಿಗೆ ಚೆಂಡೇ ತಲುಪಲಿಲ್ಲ. ಆ ಲೀಗಿಗೆ 56-57 ಸರಿ. ಅದರಲ್ಲಿ ಆಡಿಸಿದಾಗ ಬೆಂಗಳೂರು ಹೆಚ್ಚು ಸಲ ಗೆದ್ದಿತು, ಸಂತೋಷಪಟ್ಟೆ.

ಪ್ರೀಮಿಯರ್ ಲೀಗ್ ಪಂದ್ಯಗಳಲ್ಲಿ ಈಗ ಸರಾಸರಿ ಮೂರಕ್ಕೆ ತುಸು ಕಡಿಮೆ ಗೋಲು, ತಂಡಕ್ಕೆ ಹತ್ತು ಹನ್ನೊಂದು ಶಾಟ್. ನಡುನಡುವೆ 0-0 ಕೂಡ ಬರುತ್ತದೆ, ಮೊದಲ ಬಾರಿ ಬಂದಾಗ ಎದ್ದು ಚಪ್ಪಾಳೆ ತಟ್ಟಿದ್ದೆ. ಈ ಸಂಖ್ಯೆಗಳನ್ನು ಫಿಫಾ 23ರ ಮುಂದಿನ ಆವೃತ್ತಿಯಾದ ಎಫ್‌ಸಿ 24ಕ್ಕೆ ಹಾಗೆಯೇ ಒಯ್ಯಬೇಡಿ. ಅಲ್ಲಿ ಆಟಗಾರರಿಗೆ ವಿಶೇಷ ಕೌಶಲ ಕೊಡುವ ಪ್ಲೇಸ್ಟೈಲ್‌ಗಳು ಬಂದಿವೆ, ಒಳ್ಳೆಯ ಪಾಸರ್‌ಗಳು 68ನ್ನು ಲೆಕ್ಕಕ್ಕೇ ಇಡುವುದಿಲ್ಲ. ಅಲ್ಲಿ ಪಾಸ್ ಎರರ್ ಸದ್ಯ 73ರಲ್ಲಿಟ್ಟಿದ್ದೇನೆ, ಫಸ್ಟ್ ಟಚ್ ಇನ್ನೂ ಹೊಂದಿಕೊಂಡಿಲ್ಲ.