ಲೇಖಕರ ಹೆಸರಿನ ಕೆಳಗೆ ಒಂದೇ ಒಂದು ಸಾಲು

ಪ್ರಕಾಶಕರಿಂದ ಬಂದ ಮೇಲ್‌ನಲ್ಲಿ ಇದ್ದದ್ದು ಎರಡೇ ಮಾತು. ಪ್ರತಿ ಪುಸ್ತಕದ ಫೈಲಿನಲ್ಲಿ ಲೇಖಕರ ಹೆಸರಾದ ಮೇಲೆ ಭಾಷೆ ಯಾವುದು ಅಂತ ಸೇರಿಸಿ. ಸೋಮವಾರ ಬೇಕು. ಅವತ್ತು ಗುರುವಾರ. ಫೈಲುಗಳು 1,146.

ಚಾಮರಾಜಪೇಟೆಯಲ್ಲಿ, ಸಾಹಿತ್ಯ ಪರಿಷತ್ತಿನಿಂದ ನಡೆದೇ ಬರುವಷ್ಟು ದೂರದಲ್ಲಿ ನಮ್ಮ ಆಫೀಸು. ಪುಸ್ತಕಪಟ್ಟಿಗಳನ್ನು ಎಕ್ಸ್‌ಎಂಎಲ್‌ಗೆ ಇಳಿಸಿಕೊಡುವುದು ನಮ್ಮ ಕೆಲಸ. ಪ್ರತಿ ಮಾಹಿತಿಯನ್ನೂ ಅದರ ಹೆಸರಿನ ಟ್ಯಾಗುಗಳ ನಡುವೆ ಇಟ್ಟು ಬರೆಯುವ ರೂಪ ಅದು. ಎಕ್ಸ್‌ಎಂಎಲ್‌ನಲ್ಲಿ ಟ್ಯಾಗಿನ ಹೆಸರನ್ನು ಕನ್ನಡದಲ್ಲೇ ಇಡಬಹುದು, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ನಮ್ಮ ಫೈಲುಗಳು ಹೀಗಿರುತ್ತವೆ:

<ಪುಸ್ತಕ>
  <ಶೀರ್ಷಿಕೆ>…</ಶೀರ್ಷಿಕೆ>
  <ಲೇಖಕ>…</ಲೇಖಕ>
  <ಬೆಲೆ>180</ಬೆಲೆ>
  <ಪರಿಚಯ>…</ಪರಿಚಯ>
</ಪುಸ್ತಕ>

ಲೇಖಕ ಮುಗಿದು ಬೆಲೆ ಶುರುವಾಗುವ ಮುಂಚೆ <ಭಾಷೆ>ಕನ್ನಡ</ಭಾಷೆ> ಬರಬೇಕು. ಜಾಗ ಆಚೀಚೆ ಆದರೆ ಅವರ ಕಡೆಯ ಸ್ಕೀಮಾ (ಯಾವ ಟ್ಯಾಗ್ ಎಲ್ಲಿರಬೇಕು ಎನ್ನುವ ನಿಯಮಪಟ್ಟಿ) ಫೈಲನ್ನು ವಾಪಸ್ ಕಳಿಸುತ್ತದೆ.

ಮೊದಲು ಎಡಿಟರ್‌ನಲ್ಲಿ ಫೈಂಡ್ ಅಂಡ್ ರಿಪ್ಲೇಸ್ ಮಾಡಿದೆ. ಹತ್ತು ನಿಮಿಷದ ಕೆಲಸ ಅಲ್ವಾ ಅಂದುಕೊಂಡು. ಇಬ್ಬರು ಲೇಖಕರಿದ್ದ ಪುಸ್ತಕಕ್ಕೆ ಭಾಷೆ ಎರಡು ಸಲ ಬಂತು. ಪರಿಚಯದ ಮಾತಿನ ನಡುವೆ ಬೇರೊಬ್ಬ ಲೇಖಕರ ಹೆಸರಿಗೆ ಅದೇ ಟ್ಯಾಗ್ ಹಾಕಿದ್ದೆವು, ಅಲ್ಲೂ ನುಗ್ಗಿತು. ಯಾರೋ ಲೆಕ್ಕಕ್ಕೆ ಬರದಂತೆ ಕಾಮೆಂಟ್ ಮಾಡಿ ಬಿಟ್ಟಿದ್ದ ಹಳೆಯ ಸಾಲಿನೊಳಗೂ ಹೋಗಿ ಕೂತಿತು. ಎಡಿಟರ್‌ಗೆ ಎಲ್ಲವೂ ಬರೀ ಅಕ್ಷರ. ಯಾವುದು ಯಾವುದರ ಒಳಗಿದೆ ಎನ್ನುವುದು ಅದಕ್ಕೆ ಬೇಕಿಲ್ಲ. ಅದು ಗೊತ್ತಿರುವುದು ಎಕ್ಸ್‌ಎಸ್‌ಎಲ್‌ಟಿಗೆ, ಎಕ್ಸ್‌ಎಂಎಲ್ ಫೈಲನ್ನು ಬೇಕಾದ ರೂಪಕ್ಕೆ ಬದಲಾಯಿಸಲೆಂದೇ ಇರುವ ಭಾಷೆಗೆ.

ಎಕ್ಸ್‌ಎಸ್‌ಎಲ್‌ಟಿ ಹೊಸದೇನಲ್ಲ. 1.0 ಬಂದದ್ದು 1999ರ ನವೆಂಬರ್‌ನಲ್ಲಿ. ನಾನು ಬಳಸುವ ಎಕ್ಸ್‌ಎಸ್‌ಎಲ್‌ಟಿಪ್ರಾಕ್ ಎನ್ನುವ ಪ್ರೋಗ್ರಾಂ ಇವತ್ತಿಗೂ ಆ 1.0 ಅನ್ನೇ ನಡೆಸುತ್ತದೆ. ಇಂಥ ಕೆಲಸಕ್ಕೆ ಅದು ಧಾರಾಳ ಸಾಕು.

ಶುಕ್ರವಾರ ಬೆಳಿಗ್ಗೆ ಲೇಖಕ ಅನ್ನುವ ಟ್ಯಾಗಿಗೆ ಒಂದು ಟೆಂಪ್ಲೇಟ್, ಅಂದರೆ ಈ ಟ್ಯಾಗ್ ಸಿಕ್ಕರೆ ಹೀಗೆ ಮಾಡು ಎನ್ನುವ ನಿಯಮ, ಬರೆದು ಓಡಿಸಿದೆ. ಭಾಷೆ ಬಂತು, ಉಳಿದ ಟ್ಯಾಗುಗಳೆಲ್ಲ ಮಾಯ. ಶೀರ್ಷಿಕೆ, ಬೆಲೆ, ಪರಿಚಯ ಎಲ್ಲ ಬೋಳು ಅಕ್ಷರವಾಗಿ ಒಂದರ ಹಿಂದೆ ಒಂದು ನಿಂತಿದ್ದವು. ಬಹಳ ದಿನ ಮುಟ್ಟದೆ ಇದ್ದರೆ ಹೀಗೇ. ನಾವು ಏನೂ ಹೇಳದ ಟ್ಯಾಗಿಗೆ ಎಕ್ಸ್‌ಎಸ್‌ಎಲ್‌ಟಿಯಲ್ಲಿ ಹುಟ್ಟಿನಿಂದಲೇ ಒಂದು ನಿಯಮವಿದೆ: ಟ್ಯಾಗ್ ಬಿಡು, ಒಳಗಿನ ಅಕ್ಷರ ಮಾತ್ರ ಕೊಡು. ಅದಕ್ಕೇ ಮೊದಲು ಬರೆಯಬೇಕಾದ್ದು ಸೇರಿಸುವ ಟೆಂಪ್ಲೇಟ್ ಅಲ್ಲ, ಇದ್ದದ್ದನ್ನು ಇದ್ದ ಹಾಗೇ ದಾಟಿಸುವ ಟೆಂಪ್ಲೇಟ್. ಇದನ್ನು ಐಡೆಂಟಿಟಿ ಟೆಂಪ್ಲೇಟ್ ಅನ್ನುತ್ತಾರೆ. ಅದರ ಮ್ಯಾಚ್ (ಯಾವುದಕ್ಕೆ ತಾಗಬೇಕು ಎನ್ನುವ ಕರಾರು) @*|ನೋಡ್(). ಅಂದರೆ ಯಾವ ಆಟ್ರಿಬ್ಯೂಟ್ (ಟ್ಯಾಗಿನೊಳಗೇ ಬರೆಯುವ ಗುಣ) ಬಂದರೂ ಸರಿ, ಯಾವ ನೋಡ್ (ಟ್ಯಾಗ್, ಅಕ್ಷರ, ಕಾಮೆಂಟ್) ಬಂದರೂ ಸರಿ. ಒಳಗೆ ಒಂದು ಕಾಪಿ, ಅದರೊಳಗೆ ಅದೇ @*|ನೋಡ್() ಮೇಲೆ ಅಪ್ಲೈ-ಟೆಂಪ್ಲೇಟ್ಸ್, ಅಂದರೆ ಒಳಗಿರುವುದಕ್ಕೂ ಟೆಂಪ್ಲೇಟುಗಳನ್ನು ಹಚ್ಚು ಅಂತ. ಅಷ್ಟೇ. (2017ರ 3.0ರಲ್ಲಿ ಇಷ್ಟಕ್ಕೆ ಒಂದೇ ಸಾಲು ಸಾಕು. ನನ್ನ ಕೈಗೆ ಹಳೆಯದೇ ಒಗ್ಗಿದೆ.)

ಕಾಪಿ ಬದಲು ಕಾಪಿ-ಆಫ್ ಬರೆದುಬಿಟ್ಟರೆ ಅದು ಇಡೀ ಕೊಂಬೆಯನ್ನೇ ಒಂದೇ ಸಲ ಎತ್ತಿ ಆಚೆ ಇಡುತ್ತದೆ. ಒಳಗಿನ ಲೇಖಕನಿಗೆ ನಮ್ಮ ಟೆಂಪ್ಲೇಟ್ ತಾಗುವುದೇ ಇಲ್ಲ. ಇದರಲ್ಲಿ ನಾನು ಹಿಂದೊಮ್ಮೆ ಅರ್ಧ ದಿನ ಕಳೆದಿದ್ದೇನೆ.

ಎರಡನೆಯ ಟೆಂಪ್ಲೇಟಿನ ಮ್ಯಾಚ್ ಕೊನೆಗೆ ಹೀಗೆ ನಿಂತಿತು:

ಪುಸ್ತಕ[ನಾಟ್(ಭಾಷೆ)]/ಲೇಖಕ[ಲಾಸ್ಟ್()]

ನಾಟ್, ಲಾಸ್ಟ್, ನೋಡ್ ಇವನ್ನೆಲ್ಲ ಫೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು, ಇಲ್ಲಿ ಓದಲು ಸುಲಭವಾಗಲಿ ಅಂತ ಕನ್ನಡದಲ್ಲಿ ಹಾಕಿದ್ದೇನೆ. ಪುಸ್ತಕದ ನೇರ ಮಗುವಾದ ಲೇಖಕ ಮಾತ್ರ ಸಿಗುತ್ತಾನೆ, ಪರಿಚಯದೊಳಗಿನವನು ಸಿಗುವುದಿಲ್ಲ. ಇಬ್ಬರು ಲೇಖಕರಿದ್ದರೆ ಕೊನೆಯವರ ಹತ್ತಿರ ಮಾತ್ರ ಕೆಲಸ. ಭಾಷೆ ಈಗಾಗಲೇ ಇದ್ದರೆ ಆ ಪುಸ್ತಕದ ತಂಟೆಗೇ ಹೋಗುವುದಿಲ್ಲ, ಹಾಗಾಗಿ ಅದೇ ಫೈಲನ್ನು ಎಷ್ಟು ಸಲ ಓಡಿಸಿದರೂ ಭಯವಿಲ್ಲ. ಟೆಂಪ್ಲೇಟಿನ ಒಳಗೆ ಮೊದಲು ಲೇಖಕನ ಕಾಪಿ, ಅದು ಮುಚ್ಚಿದ ಮೇಲೆ ಹೊಸ ಟ್ಯಾಗ್. ಎರಡೂ ಟೆಂಪ್ಲೇಟು ಒಂದೇ ಲೇಖಕನಿಗೆ ಹೊಂದಿದರೂ ಜಗಳವಿಲ್ಲ. ಹೆಚ್ಚು ಕರಾರು ಇರುವ ಮ್ಯಾಚ್‌ಗೆ ಆದ್ಯತೆ 0.5, ಐಡೆಂಟಿಟಿಗೆ ಮೈನಸ್ 0.5.

ಸಾಲುಗಳು ಅಂದವಾಗಿ ಬರಲಿ ಅಂತ ಇಂಡೆಂಟ್ ಜೊತೆಗೆ ಸ್ಟ್ರಿಪ್-ಸ್ಪೇಸ್‌ಗೆ ನಕ್ಷತ್ರವನ್ನೂ ಹಾಕಿದ್ದೆ, ಅಂದರೆ ಎಲ್ಲ ಟ್ಯಾಗುಗಳಲ್ಲೂ ಬರೀ ಖಾಲಿ ಜಾಗವನ್ನು ತೆಗೆ ಅಂತ. ಸುಮ್ನೆ ಶೋಕಿ. ಪರಿಚಯದಲ್ಲಿ ಅಕ್ಕಪಕ್ಕ ಇದ್ದ ಎರಡು ಟ್ಯಾಗುಗಳ ನಡುವಿನ ಜಾಗವನ್ನು ಅದು ತಿಂದುಹಾಕಿ ಎರಡು ಹೆಸರು ಅಂಟಿಕೊಂಡವು. ಪರಿಚಯಕ್ಕೆ ಪ್ರಿಸರ್ವ್-ಸ್ಪೇಸ್ ಹಾಕಿದ ಮೇಲೆ ಸರಿಹೋಯಿತು.

ಶನಿವಾರ ಎಲ್ಲ ಓಡಿಸಿದೆ. ಒಂದೂ ಎರರ್ ಇಲ್ಲ. ಸಮಾಧಾನಕ್ಕೆ ಅಂತ ಭಾಷೆ ಟ್ಯಾಗ್ ಇರುವ ಫೈಲುಗಳನ್ನು ಎಣಿಸಿದೆ. 1,108. ಮೂವತ್ತೆಂಟು ಫೈಲುಗಳು ಹೋದ ಹಾಗೇ ವಾಪಸ್ ಬಂದಿದ್ದವು. ಮ್ಯಾಚ್ ಆಗದಿದ್ದರೆ ಎಕ್ಸ್‌ಎಸ್‌ಎಲ್‌ಟಿ ದೂರುವುದಿಲ್ಲ, ಐಡೆಂಟಿಟಿ ಟೆಂಪ್ಲೇಟ್ ಇದ್ದದ್ದನ್ನು ಇದ್ದ ಹಾಗೇ ದಾಟಿಸಿಬಿಡುತ್ತದೆ. ಒಂದು ಫೈಲು ತೆರೆದೆ. ಲೇಖಕ ಇದೆ, ಪುಸ್ತಕದ ಒಳಗೇ ಇದೆ. ನೇಮ್‌ಸ್ಪೇಸ್ (ಟ್ಯಾಗಿನ ಹೆಸರಿಗೆ ಅಂಟುವ ಮನೆತನದ ಹೆಸರಿನಂಥದ್ದು) ಇರಬಹುದೇ ಅಂತ ನೋಡಿದೆ, ಅದೂ ಇಲ್ಲ. ಒಂದು ಗಂಟೆ ಕಣ್ಣು ಕೀಲಿಸಿಕೊಂಡು ಕೂತೆ.

ಕರಡು ತಿದ್ದುವ ರಾಯರು ಬೈ ಟೂ ಕಾಫಿ ಹಿಡಿದುಕೊಂಡು ಬಂದರು. "ಏನಮ್ಮಾ, ಊಟಕ್ಕೂ ಏಳಲಿಲ್ಲ?" ತೋರಿಸಿದೆ. ಅವರಿಗೆ ಟೆಂಪ್ಲೇಟ್ ಗೊತ್ತಿಲ್ಲ, ಅಕ್ಷರ ಗೊತ್ತು. ಲೇ ಪಕ್ಕ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸ್ ಒಂದು ಸಲ ಒತ್ತಿದರು. ಲೆ ಉಳಿಯಿತು. ಸರಿಯಾಗಿದ್ದ ಇನ್ನೊಂದು ಫೈಲಿನಲ್ಲಿ ಹಾಗೇ ಒತ್ತಿದರು. ಬರೀ ಲ ಉಳಿಯಿತು.

"ಇದರಲ್ಲಿ ದೀರ್ಘ ಬೇರೆ ಹೊಡೆದಿದಾರೆ ನೋಡಮ್ಮಾ."

ಆ ಕಂತಿನ ಫೈಲುಗಳನ್ನು ಯಾರೋ ಯೂನಿಕೋಡ್‌ಗೆ ಮುಂಚಿನ ಫಾಂಟಿನಲ್ಲಿ ಟೈಪ್ ಮಾಡಿ, ಟ್ಯಾಗ್ ಸಮೇತ ಕನ್ವರ್ಟ್ ಮಾಡಿದ್ದರು. ಯೂನಿಕೋಡ್‌ನಲ್ಲಿ ದೀರ್ಘ ಏತ್ವ 0ಸಿಸಿ7 ಅನ್ನುವ ಒಂದೇ ಸಂಕೇತವಾಗಿಯೂ ಬರಬಹುದು, 0ಸಿಸಿ6 ಮತ್ತು 0ಸಿಡಿ5 ಅನ್ನುವ ಎರಡಾಗಿಯೂ ಬರಬಹುದು. ಪರದೆ ಮೇಲೆ ಕೂದಲಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಎಕ್ಸ್‌ಎಂಎಲ್‌ಗೆ ಅವು ಎರಡು ಬೇರೆ ಟ್ಯಾಗು. ಶುರುವಿನ ಟ್ಯಾಗೂ ಮುಗಿಯುವ ಟ್ಯಾಗೂ ಒಂದೇ ಥರ ಒಡೆದಿದ್ದರಿಂದ ಫೈಲನ್ನು ಓದುವ ಪಾರ್ಸರ್ ಕೂಡ ತಕರಾರು ಎತ್ತಲಿಲ್ಲ.

ಎಕ್ಸ್‌ಎಸ್‌ಎಲ್‌ಟಿ 2.0ರಿಂದ ಈಚೆಗೆ ಇದಕ್ಕೆಂದೇ ನಾರ್ಮಲೈಸ್-ಯೂನಿಕೋಡ್ ಎನ್ನುವ ಫಂಕ್ಷನ್ ಇದೆ, ನನ್ನ 1.0ರಲ್ಲಿ ಇಲ್ಲ. ಪೈಥಾನ್‌ನಲ್ಲಿ ನಾಲ್ಕು ಸಾಲು ಬರೆದು ಎಲ್ಲ ಫೈಲನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಒಡೆದ ಸಂಕೇತಗಳು ಒಂದಾಗಿ ಕೂಡಿದ ರೂಪಕ್ಕೆ, ತಂದೆ. ಮತ್ತೆ ಮೊದಲಿನಿಂದ ಓಡಿಸಿದೆ. ಆಗಲೇ ಭಾಷೆ ಸೇರಿದ್ದ ಫೈಲುಗಳು ಅಲುಗಾಡಲಿಲ್ಲ. ಎಣಿಸಿದರೆ 1,146.

ರಾಯರು ಪಟ್ಟಿಯ ಮೇಲೆ ಬೆರಳಾಡಿಸುತ್ತಾ ಕೂತಿದ್ದರು. "ಎಲ್ಲಾದಕ್ಕೂ ಕನ್ನಡ ಅಂತಲೇ ಹಾಕಿದೀಯ. ಸರಿ. ಇದು ಮರಾಠಿಯಿಂದ ಬಂದದ್ದು, ಇದು ಬಂಗಾಳಿಯಿಂದ. ಮೂಲ ಭಾಷೆ ಕೇಳಿದರೆ ಎಲ್ಲಿ ಹಾಕ್ತೀಯಮ್ಮಾ?"

ಪ್ರಕಾಶಕರಿಗೆ ಫೋನ್ ಮಾಡಿದೆ. ಅವರು ಅದನ್ನು ಯೋಚಿಸಿಯೇ ಇರಲಿಲ್ಲ. ಹಾಕಿಬಿಡಿ, ಭಾಷೆಯ ಕೆಳಗೆ, ಅಂದರು. ಟೆಂಪ್ಲೇಟುಗಳಿರುವ ಸ್ಟೈಲ್‌ಶೀಟ್ ತೆರೆದು ಮೂರನೆಯ ಟೆಂಪ್ಲೇಟ್ ಶುರು ಮಾಡಿದೆ.