ಬಸ್ ನಿಲ್ದಾಣ ಬಿಟ್ಟು ಮತದಾರರ ಪಟ್ಟಿ ಹಿಡಿದ ಮೇಲೆ

2023ರ ಜೂನ್ 11ರಂದು ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಆರಂಭವಾದ ಮೇಲೆ, ನಮ್ಮ ತಾಲ್ಲೂಕಿನ ಒಳಹಳ್ಳಿಗಳಿಗೆ ಹೆಚ್ಚು ಬಸ್ ಬೇಕೆಂಬ ಮನವಿಗೆ ಬಲ ತುಂಬಲು ನಾನು ನಡೆಸಿದ ಮೊದಲ ಸಮೀಕ್ಷೆಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಪಟ್ಟಣದ ಬಸ್ ನಿಲ್ದಾಣದಲ್ಲಿ ಮೂರು ದಿನ ನಿಂತು ಸುಮಾರು 400 ಮಹಿಳೆಯರನ್ನು ಕೇಳಿದೆವು. ಹತ್ತರಲ್ಲಿ ಎಂಟು ಮಂದಿ ಸೌಕರ್ಯ ಚೆನ್ನಾಗಿದೆ ಎಂದರು. ದಿನವೂ ಓಡಾಡುವವರು ಅಲ್ಲಿ ಸಿಕ್ಕೇ ಸಿಗುತ್ತಾರೆ, ಬಸ್ಸೇ ಇಲ್ಲದ ಊರಿನವರು ಅಲ್ಲಿಗೆ ಬರುವುದಾದರೂ ಹೇಗೆ? ಅಧಿಕಾರಿಯೊಬ್ಬರು ನಮ್ಮ ಹಾಳೆಯನ್ನೇ ನಮ್ಮ ಮುಂದೆ ಹಿಡಿದು, "ಇನ್ನೇನು ಬೇಕು ನಿಮಗೆ?" ಎಂದರು.

ಎರಡನೆಯ ಸಲ ವಾಟ್ಸ್ಆಪ್ ಗುಂಪುಗಳಿಗೆ ಪ್ರಶ್ನಾವಳಿ ಹಾಕಿದೆವು. ಸಾವಿರಕ್ಕೂ ಹೆಚ್ಚು ಉತ್ತರ ಬಂದವು, ಬಹುಪಾಲು ಕಾಲೇಜು ಹುಡುಗರವು. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ 20 ಲಕ್ಷಕ್ಕೂ ಹೆಚ್ಚು ಉತ್ತರ ಸಂಗ್ರಹಿಸಿಯೂ ಅಧ್ಯಕ್ಷ ಚುನಾವಣೆಯಲ್ಲಿ ರೂಸ್‌ವೆಲ್ಟ್ ಸೋಲುತ್ತಾರೆಂದು ಹೇಳಿ, ಅವರೇ ಗೆದ್ದಾಗ ಕೆಟ್ಟದ್ದನ್ನು ಓದಿಯೂ ನಾನು ಅದೇ ಗುಂಡಿಗೆ ಬಿದ್ದಿದ್ದೆ.

ಮೂರನೆಯ ಸಲ ಮತದಾರರ ಪಟ್ಟಿ ಹಿಡಿದಾಗ, 400 ಹೆಸರಿಗಾಗಿ ಹಳ್ಳಿ ಹಳ್ಳಿ ಅಲೆಯುವುದು ಹುಚ್ಚು ಎಂದು ಗೆಳೆಯರು ನಕ್ಕರು. ಚೀಟಿ ಎತ್ತಿ 16 ಮತಗಟ್ಟೆ ಆರಿಸಿ, ಪ್ರತಿ ಪಟ್ಟಿಯಲ್ಲಿ ಇಪ್ಪತ್ತಕ್ಕೊಬ್ಬ ಮಹಿಳೆಯಂತೆ ಹೆಸರು ತೆಗೆದೆವು. ಮೊದಲ ವಾರವೇ ಎಡವಟ್ಟಾಯಿತು: ಬೀಗ ಹಾಕಿದ ಮನೆ ಸಿಕ್ಕಾಗ ನಮ್ಮ ಹುಡುಗಿಯರು ಪಕ್ಕದ ಮನೆಯವರನ್ನು ಕೇಳಿ ಬಂದಿದ್ದರು. ಹಗಲು ಮನೆಯಲ್ಲಿರುವವರು ಮುದುಕಿಯರೇ. ತೋಟಕ್ಕೆ ಹೋದವರು ಲೆಕ್ಕಕ್ಕೇ ಸಿಗಲಿಲ್ಲ. ಅರವತ್ತರಷ್ಟು ಹಾಳೆಗಳನ್ನು ಹರಿದು ಹಾಕಿದೆ, ಐದು ಸಾವಿರ ರೂಪಾಯಿಯೂ ಅವುಗಳೊಂದಿಗೇ ಹೋಯಿತು. ಆಮೇಲೆ ಸಂಜೆ ಏಳರ ನಂತರವೇ ಹೋಗಬೇಕು, ಮೂರು ಸಲ ಹೋಗದೆ ಹೆಸರು ಬಿಡಬಾರದು ಎಂದು ಕಟ್ಟುನಿಟ್ಟು ಮಾಡಿದೆ. ಪಟ್ಟಿಯಲ್ಲಿದ್ದೂ ಬೆಂಗಳೂರಿನಲ್ಲಿ ನೆಲೆಸಿದವರನ್ನು ಬೇರೆಯೇ ಬರೆದಿಟ್ಟೆವು. ಒಟ್ಟು ಖರ್ಚು 38 ಸಾವಿರದ ಆಸುಪಾಸು. ನಿಲ್ದಾಣದ ಸಮೀಕ್ಷೆ ಮೂರು ಸಾವಿರದಲ್ಲಿ ಮುಗಿದಿತ್ತು. ಮನೆಗೆ ಹೋಗದೆ ಮರದ ಕೆಳಗೆ ಕುಳಿತು ತಾವೇ ತುಂಬಿದ ಹಾಳೆಯನ್ನು ನಾನು ಹೇಗೆ ಪತ್ತೆ ಹಚ್ಚುತ್ತೇನೆಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ನಡುವೆ ಒಂದು ಕುತೂಹಲಕ್ಕೆ ಕೆಲವು ಮನೆಗಳಲ್ಲಿ ಸೊಸೆಯನ್ನು ಅತ್ತೆಯ ಎದುರಿನಲ್ಲಿಯೂ, ಆಮೇಲೆ ಹಿತ್ತಿಲಿನಲ್ಲಿಯೂ ಕೇಳಿಸಿದೆ. ಎರಡು ಉತ್ತರ ಒಂದೇ ಆಗಿದ್ದದ್ದು ಅಪರೂಪ.

ಕಾಫಿ ತೋಟದಾಚೆಯ ಊರೊಂದರಲ್ಲಿ, ಮುಖ್ಯ ರಸ್ತೆಗೆ ಮೂರು ಕಿಲೋಮೀಟರ್ ನಡೆಯುವ ಹೆಂಗಸೊಬ್ಬರು, "ಬಸ್ಸು ಚೆನ್ನಾಗಿದೆಯೋ ಇಲ್ಲವೋ ಹತ್ತಿದವರನ್ನು ಕೇಳಿ, ನಮ್ಮೂರಿಗೆ ಬಂದರೆ ತಾನೇ" ಎಂದರು. ಈ ಸಲ ಅರ್ಧಕ್ಕಿಂತ ಹೆಚ್ಚು ಮಂದಿ ಸೌಕರ್ಯ ಸಾಲದು ಎಂದಿದ್ದರು. ಅದೇ ಅಧಿಕಾರಿಯ ಮುಂದೆ ಮತಗಟ್ಟೆಗಳ ಪಟ್ಟಿ, ಸಿಗದವರ ಲೆಕ್ಕ ಎರಡನ್ನೂ ಇಟ್ಟಾಗ ಅವರು ಆಕ್ಷೇಪವೆತ್ತಲಿಲ್ಲ. ಎರಡು ತಿಂಗಳ ಬಳಿಕ ಬೆಳಿಗ್ಗೆ ಏಳರ ಟ್ರಿಪ್ ಬಂತು. ಸಂಜೆಯದಕ್ಕೆ ಇನ್ನೂ ಓಡಾಡುತ್ತಿದ್ದೇನೆ.