ಬಿಸಿ ಸೋರುವುದು ಫ್ಲಾಸ್ಕಿನ ಬಾಯಿಂದ

ಹೊಸ ಫ್ಲಾಸ್ಕ್ ಕೈಗೆ ಬಂದರೆ ನಾನು ಮೊದಲು ತಿರುಗಿಸಿ ನೋಡುವುದು ಮುಚ್ಚಳವನ್ನು. ಗೋಡೆ ತನ್ನ ಕೆಲಸ ಚೆನ್ನಾಗಿಯೇ ಮಾಡುತ್ತದೆ. ಎರಡು ಪದರ, ನಡುವಿನ ಗಾಳಿಯನ್ನು ಹೆಚ್ಚುಕಮ್ಮಿ ಪೂರ್ತಿ ಹೊರಗೆಳೆದಿರುತ್ತಾರೆ. ಗಾಳಿಯೇ ಇಲ್ಲದ ಮೇಲೆ ಶಾಖವನ್ನು ದಾಟಿಸುವವರು ಯಾರು? ಕಿರಣಗಳಾಗಿ ಹೊರಡುವ ಶಾಖವನ್ನು ಒಳಗಿನ ಹೊಳಪು ಮತ್ತೆ ಒಳಕ್ಕೇ ತಿರುಗಿಸುತ್ತದೆ. 1892ರಲ್ಲಿ ವಿಜ್ಞಾನಿ ಜೇಮ್ಸ್ ಡ್ಯೂವರ್ ಇದನ್ನು ಮಾಡಿದ್ದು ಬಿಸಿ ಪಾನೀಯಕ್ಕಲ್ಲ, ವಿಪರೀತ ತಣ್ಣಗಿನ ದ್ರವರೂಪದ ಅನಿಲಗಳನ್ನು ಕಾಪಾಡಲು. ಶಾಖ ಒಳಗಿಂದ ಹೊರಗೆ ಹೋಗದಿದ್ದರೆ, ಹೊರಗಿಂದ ಒಳಗೂ ಬರುವುದಿಲ್ಲ, ಅಲ್ವಾ?

ಆದರೆ ಆ ಎರಡು ಪದರಗಳು ಕತ್ತಿನ ಹತ್ತಿರ ಸೇರಲೇಬೇಕು. ಅದರ ಮೇಲೆ ಮುಚ್ಚಳ, ಅಲ್ಲಿ ನಿರ್ವಾತ, ಅಂದರೆ ಗಾಳಿ ಹೊರಗೆಳೆದ ಖಾಲಿ ಜಾಗ, ಇರುವುದು ಅಪರೂಪ. ಜಾಸ್ತಿ ಬಿಸಿ ಸೋರುವುದು ಅಲ್ಲೇ. ಹಾಗಾಗಿ ನಾನು ಸಣ್ಣ ಬಾಯಿ, ದಪ್ಪ ಬಿರಡೆ ಇರುವುದನ್ನೇ ಆರಿಸುತ್ತೇನೆ. ಅಗಲ ಬಾಯಿಯದು ತೊಳೆಯಲು ಸುಲಭ, ನಿಜ. ಆದರೆ ಬಿಸಿ ಬೇಗ ಆರುತ್ತದೆ.

ನಿರ್ವಾತ ಸರಿ ಇದೆಯಾ ಅಂತ ನೋಡಲು ಕೈಯೇ ಸಾಕು. ಕುದಿಯುವ ನೀರು ತುಂಬಿ ಮುಚ್ಚಳ ಬಿಗಿ ಮಾಡುತ್ತೇನೆ. ಸ್ವಲ್ಪ ಹೊತ್ತು ಬಿಟ್ಟು ಅಂಗೈಯನ್ನು ಬುಡದಿಂದ ಮೇಲಕ್ಕೆ ನಿಧಾನವಾಗಿ ಸವರುತ್ತೇನೆ. ಕತ್ತಿನ ಹತ್ತಿರ ಬೆಚ್ಚಗಿದ್ದರೆ ಚಿಂತೆಯಿಲ್ಲ. ಹೊಟ್ಟೆಯ ಭಾಗವೂ ಬೆಚ್ಚಗಾದರೆ ಒಳಗೆ ಗಾಳಿ ಸೇರಿದೆ ಎಂದೇ ಅರ್ಥ. ಅದನ್ನು ಮನೆಯಲ್ಲಿ ರಿಪೇರಿ ಮಾಡಲು ಆಗುವುದಿಲ್ಲ. ಜೋರಾಗಿ ಬಿದ್ದು ನೆಗ್ಗಿದ ಫ್ಲಾಸ್ಕನ್ನು ಹೀಗೆ ನೋಡಿಯೇ ನಾನು ಮತ್ತೆ ಬಳಸುವುದು.

ಬಿಸಿ ತುಂಬುವ ಮುಂಚೆ ಕುದಿನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲುತ್ತೇನೆ. ಇಲ್ಲದಿದ್ದರೆ ತಣ್ಣಗಿನ ಒಳಗೋಡೆಯೇ ಮೊದಲು ಬಿಸಿ ಕುಡಿದುಬಿಡುತ್ತದೆ. ಆಮೇಲೆ ಬಿರಡೆಗೆ ಜಾಗ ಬಿಟ್ಟು ತುಂಬ ತುಂಬುತ್ತೇನೆ. ಅರ್ಧ ತುಂಬಿದರೂ ಸೋರುವ ಬಿಸಿ ತೀರಾ ಕಮ್ಮಿಯೇನೂ ಆಗುವುದಿಲ್ಲ, ಒಳಗಿರುವ ಬಿಸಿ ಮಾತ್ರ ಅರ್ಧ. ಬೇಗ ಆರದೆ ಇನ್ನೇನು? ಸುಮ್ನೆ ಸುಮ್ನೆ ಮುಚ್ಚಳ ತೆಗೆಯುವುದೂ ಬೇಡ, ಪ್ರತಿ ಸಲ ಹಬೆಯ ಜೊತೆ ಬಿಸಿಯೂ ಹೋಗುತ್ತದೆ.

ತಣ್ಣಗಿನದು ಬಿಸಿಗಿಂತ ಹೆಚ್ಚು ಹೊತ್ತು ಉಳಿಯುತ್ತದೆ. ಹೊರಗೆ 30 ಡಿಗ್ರಿ ಇದ್ದರೆ, 5 ಡಿಗ್ರಿಯ ನೀರಿಗೂ ಅದಕ್ಕೂ ಅಂತರ 25 ಅಷ್ಟೇ. 95 ಡಿಗ್ರಿಯ ನೀರಿಗೆ 65. ಅಂತರ ಕಮ್ಮಿಯಾದಷ್ಟೂ ಶಾಖದ ಓಟ ನಿಧಾನ. ಐಸ್ ಹಾಕಿದರಂತೂ ಇನ್ನೂ ಒಳ್ಳೆಯದು. ಒಂದು ಗ್ರಾಂ ಐಸ್ ಕರಗಲು ಬೇಕಾದ ಶಾಖದಲ್ಲಿ ಒಂದು ಗ್ರಾಂ ನೀರು ಸುಮಾರು 80 ಡಿಗ್ರಿ ಬಿಸಿಯಾಗುತ್ತದೆ.

ಹಾಲು ಬೆರೆತದ್ದನ್ನು ಮಾತ್ರ ನಾನು ಫ್ಲಾಸ್ಕಿನಲ್ಲಿ ದಿನವಿಡೀ ಇಡುವುದಿಲ್ಲ. ಉಗುರುಬೆಚ್ಚಗಿನ ಹಾಲಿನಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಬಳಸಿದ ದಿನವೇ ಮುಚ್ಚಳದ ರಬ್ಬರ್ ರಿಂಗ್ ಬಿಚ್ಚಿ ತೊಳೆದು, ಒಣಗುವವರೆಗೆ ಫ್ಲಾಸ್ಕಿನ ಬಾಯಿ ತೆರೆದೇ ಇಡುತ್ತೇನೆ.